ಪೈಗಿಟ್‌ಹಬ್ ಸ್ಕ್ರಿಪ್ಟ್ ಏಳನೇ ಸಲ ಯಾಕೆ ನಿಂತುಬಿಡುತ್ತದೆ?

ಮೊದಲು ಒಂದು ಮಾತು. ನೀವು ಹಾಕಿರುವ ಕೋಡ್‌ನಲ್ಲಿ ನಿಮ್ಮ ಟೋಕನ್ (ಗಿಟ್‌ಹಬ್ ಖಾತೆಗೆ ಪ್ರವೇಶ ಕೊಡುವ ಗುಪ್ತ ಕೀಲಿ) ಹಾಗೇ ಕಾಣುತ್ತಿದೆ. ಮುಂದೆ ಓದುವ ಮೊದಲು ಗಿಟ್‌ಹಬ್ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಅಳಿಸಿ, ಹೊಸದು ಮಾಡಿಕೊಳ್ಳಿ. ಹೊಸದನ್ನು ಕೋಡ್ ಒಳಗೆ ಬರೆಯಬೇಡಿ, ಎನ್ವಿರಾನ್ಮೆಂಟ್ ವೇರಿಯಬಲ್‌ನಿಂದ (ಕೋಡ್‌ನ ಹೊರಗೆ ಸಿಸ್ಟಮ್‌ನಲ್ಲಿ ಇಡುವ ಮೌಲ್ಯದಿಂದ) ಓದಿಸಿ.

ಈಗ ಪ್ರಶ್ನೆಗೆ ಬರೋಣ. ಪೈಥಾನ್‌ನಿಂದ ಗಿಟ್‌ಹಬ್ ಮಾಹಿತಿ ತರುವ ಲೈಬ್ರರಿ ಪೈಗಿಟ್‌ಹಬ್ ಬಳಸಿ ಸುಮಾರು 800 ಪುಲ್ ರಿಕ್ವೆಸ್ಟ್‌ಗಳ (ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳ) ಶೀರ್ಷಿಕೆ, ಸೇರಿದ ಸಾಲುಗಳ ಸಂಖ್ಯೆ, ಮರ್ಜ್ ಆಗಿದೆಯೋ (ಕೋಡ್‌ಗೆ ಸೇರಿಕೊಂಡಿದೆಯೋ) ಇಲ್ಲವೋ ಎಂಬುದನ್ನು ಸಿಎಸ್‌ವಿಗೆ ಬರೆಸುತ್ತಿದ್ದೀರಿ. ಒಂದು ಗಂಟೆಯೊಳಗೆ ಆರು ಸಲ ಓಡಿತು. ಏಳನೇ ಸಲ 30 ಸಾಲು ಬರೆದು ಸುಮ್ನೆ ನಿಂತುಬಿಟ್ಟಿತು, ಎರರ್ ಕೂಡ ಬರಲಿಲ್ಲ.

ನನಗೂ ಇದೇ ಆಗಿತ್ತು. ಕೊನೆಗೆ ಲೈಬ್ರರಿಯ ಡೀಬಗ್ ಲಾಗ್ ಆನ್ ಮಾಡಿ ನೋಡಿದೆ. ಒಂದು ಪುಟ ತಂದ ಮೇಲೆ ಪುಲ್ ರಿಕ್ವೆಸ್ಟ್ ನಂಬರ್ ಒಂದೊಂದನ್ನೇ ಹಿಡಿದು ಗಿಟ್‌ಹಬ್ ಸರ್ವರ್‌ಗೆ ಸಾಲಾಗಿ ಮೂವತ್ತು ರಿಕ್ವೆಸ್ಟ್ ಹೋಗುತ್ತಿದ್ದವು. ನಾನು ಬರೆದಿದ್ದು ಒಂದೇ ಒಂದು ಲೂಪ್!

ಕಾರಣ ಇಷ್ಟೆ. ಪಟ್ಟಿ ಕೇಳಿದಾಗ ಗಿಟ್‌ಹಬ್ ಪೂರ್ತಿ ವಿವರ ಕೊಡುವುದಿಲ್ಲ. ಶೀರ್ಷಿಕೆ, ತೆರೆದವರ ಹೆಸರು, ದಿನಾಂಕಗಳು ಇರುತ್ತವೆ. 'ಅಡಿಷನ್ಸ್' (ಸೇರಿದ ಸಾಲುಗಳ ಸಂಖ್ಯೆ), 'ಮರ್ಜ್ಡ್', 'ಚೇಂಜ್ಡ್ ಫೈಲ್ಸ್' ಇರುವುದಿಲ್ಲ. ಇಲ್ಲದ್ದನ್ನು ನೀವು ಮುಟ್ಟಿದ ತಕ್ಷಣ ಪೈಗಿಟ್‌ಹಬ್ ನಿಮಗೆ ಹೇಳದೆ ಇನ್ನೊಂದು ರಿಕ್ವೆಸ್ಟ್ ಕಳಿಸಿ ತುಂಬಿಕೊಳ್ಳುತ್ತದೆ. ಒಂದೆರಡಕ್ಕಾದರೆ ಒಳ್ಳೆಯ ಅನುಕೂಲ. 800ಕ್ಕೆ ಆದರೆ ಲೆಕ್ಕ ಹಾಕಿ: ರೆಪೊ (ಕೋಡ್ ಇರುವ ಪ್ರಾಜೆಕ್ಟ್) ತರಲು 1, ಪುಟಕ್ಕೆ 30ರಂತೆ 27 ಪುಟ, ಮೇಲೆ 800. ಒಟ್ಟು 828. ಆರು ಸಲಕ್ಕೆ 4968. ಟೋಕನ್ ಇದ್ದವರಿಗೆ ಗಂಟೆಗೆ ಸಿಗುವ ಲಿಮಿಟ್ 5000 ರಿಕ್ವೆಸ್ಟ್. ಉಳಿದದ್ದು 32: ರೆಪೊಗೆ ಒಂದು, ಮೊದಲ ಪುಟಕ್ಕೆ ಒಂದು, ಆಮೇಲೆ ಸರಿಯಾಗಿ 30. ನಿಮ್ಮ ಫೈಲ್ ನಿಂತಿದ್ದೂ ಅಲ್ಲೇ ಅಲ್ವಾ?

ಎರರ್ ಬರದಿರುವುದಕ್ಕೂ ಕಾರಣವಿದೆ. ಈಗಿನ 2ನೇ ಸರಣಿಯ ಪೈಗಿಟ್‌ಹಬ್ ಲಿಮಿಟ್ ಮುಗಿದಾಗ ತಾನೇ ಕಾದು ಮತ್ತೆ ಪ್ರಯತ್ನಿಸುತ್ತದೆ. ನಿಮಗೆ ಮಾತ್ರ ಹ್ಯಾಂಗ್ ಆದಂತೆ ಕಾಣುತ್ತದೆ. ಜೊತೆಗೆ ಎರಡು ರಿಕ್ವೆಸ್ಟ್‌ಗಳ ಮಧ್ಯೆ ಕಾಲು ಸೆಕೆಂಡ್ ಬಿಡುತ್ತದೆ. 828 ರಿಕ್ವೆಸ್ಟ್‌ಗೆ ಅಲ್ಲೇ ಮೂರೂವರೆ ನಿಮಿಷ ಹೋಯಿತು.

ಹೊಸ ಟೋಕನ್‌ನಿಂದ ಲಿಮಿಟ್ ಹೊಸದಾಗುವುದಿಲ್ಲ, ಅದು ನಿಮ್ಮ ಖಾತೆಯ ಲೆಕ್ಕ. ರಿಕ್ವೆಸ್ಟ್‌ಗಳನ್ನೇ ಕಡಿಮೆ ಮಾಡಬೇಕು.

'ಪರ್_ಪೇಜ್' (ಪುಟಕ್ಕೆ ಎಷ್ಟು ಎಂಬ ಸೆಟ್ಟಿಂಗ್) ಅನ್ನು 100 ಮಾಡಿ, 27 ಪುಟ 8ಕ್ಕೆ ಇಳಿಯುತ್ತದೆ. 'ಮರ್ಜ್ಡ್' ಬದಲು 'ಮರ್ಜ್ಡ್_ಅಟ್' ನೋಡಿ. ಅದು ಪಟ್ಟಿಯಲ್ಲೇ ಬರುತ್ತದೆ, ಖಾಲಿ ಇದ್ದರೆ ಮರ್ಜ್ ಆಗಿಲ್ಲ ಎಂದರ್ಥ. ಸಾಲುಗಳ ಸಂಖ್ಯೆ ನಿಮಗೆ ಬೇಡವಾದರೆ ಕೆಲಸ ಇಲ್ಲಿಗೇ ಮುಗಿಯಿತು: 828ರ ಜಾಗದಲ್ಲಿ 9.

ಸಾಲುಗಳ ಸಂಖ್ಯೆ ಬೇಕೇ ಬೇಕು ಅಂದರೆ ನಾನು ಮಾಡುವುದು ಹೀಗೆ. ಪಟ್ಟಿಯನ್ನು 'ಅಪ್‌ಡೇಟೆಡ್' ಕ್ರಮದಲ್ಲಿ ಹೊಸದು ಮೊದಲು ಬರುವಂತೆ ಕೇಳುತ್ತೇನೆ. ಹಿಂದಿನ ಸಲ ಓಡಿಸಿದ ಸಮಯಕ್ಕಿಂತ ಹಳೆಯದು ಸಿಕ್ಕ ಕೂಡಲೇ ಲೂಪ್ ನಿಲ್ಲಿಸುತ್ತೇನೆ. ಬದಲಾದ ಹತ್ತಿಪ್ಪತ್ತಕ್ಕೆ ಮಾತ್ರ ವಿವರ ತಂದರೆ ಸಾಕು. ಇಲ್ಲಿ ಒಂದು ಎಚ್ಚರ: ಲೈಬ್ರರಿ ಕೊಡುವ ಸಮಯ ಯುಟಿಸಿಯಲ್ಲಿರುತ್ತದೆ, ಟೈಮ್‌ಝೋನ್ ಸಮೇತ ಬರುತ್ತದೆ. ನೀವು ಉಳಿಸಿದ ಸಮಯದಲ್ಲಿ ಟೈಮ್‌ಝೋನ್ ಇಲ್ಲದಿದ್ದರೆ ಹೋಲಿಸುವಾಗ ಪೈಥಾನ್ ಟೈಪ್ ಎರರ್ ಕೊಡುತ್ತದೆ.

ಪ್ರತಿ ಸಲ 800ನ್ನೂ ಹೊಸದಾಗಿ ತರಲೇಬೇಕಾದರೆ ಗಿಟ್‌ಹಬ್‌ನ ಗ್ರಾಫ್‌ಕ್ಯೂಎಲ್ ಬಳಸಿ. ಬೇಕಾದ ಫೀಲ್ಡ್‌ಗಳನ್ನಷ್ಟೇ ಹೆಸರಿಸಿ ಒಂದು ಸಲಕ್ಕೆ 100 ಪುಲ್ ರಿಕ್ವೆಸ್ಟ್ ತರಬಹುದು, 8 ಸಲಕ್ಕೆ ಎಲ್ಲ ಬಂದುಬಿಡುತ್ತದೆ.

ಸದ್ಯಕ್ಕೆ ನಿಂತಿರುವ ಸ್ಕ್ರಿಪ್ಟ್ ಅನ್ನು ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ. ಲಿಮಿಟ್ ಮತ್ತೆ ತುಂಬಲು ಒಂದು ಗಂಟೆಗಿಂತ ಜಾಸ್ತಿ ಬೇಕಾಗುವುದಿಲ್ಲ. ಅಷ್ಟರಲ್ಲಿ ಆ 'ಮರ್ಜ್ಡ್' ಇರುವ ಸಾಲು ತಿದ್ದಿಡಿ, ಸಾಲುಗಳ ಸಂಖ್ಯೆ ಬೇಡವಾದರೆ 'ಅಡಿಷನ್ಸ್' ಇರುವುದನ್ನೂ ತೆಗೆಯಿರಿ. ಲೂಪ್‌ಗೆ ಮೊದಲು ಒಂದು, ಆಮೇಲೆ ಒಂದು 'ರೇಟ್_ಲಿಮಿಟಿಂಗ್' (ಲಿಮಿಟ್‌ನಲ್ಲಿ ಎಷ್ಟು ಉಳಿದಿದೆ ಎಂದು ತೋರಿಸುವುದು) ಪ್ರಿಂಟ್ ಹಾಕಿ ಓಡಿಸಿ, ಎಷ್ಟು ಖರ್ಚಾಯಿತು ಅಂತ ಕೆಳಗೆ ಬರೆಯಿರಿ. ಆಗಲೂ ಜಾಸ್ತಿ ಬಂದರೆ ಬೇರೆ ಯಾವ ಫೀಲ್ಡ್ ಕಾರಣ ಅಂತ ನೋಡೋಣ.