ಪುನರ್ಪುಳಿ ಸಿಪ್ಪೆಯೂ ಶುಗರಿನ ಮಾತ್ರೆಯೂ

ಮಾನ್ಯರೇ,

ಕಾಪುವಿನಿಂದ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿತು. ಒಣಗಿಸಿದ ಪುನರ್ಪುಳಿ (ಕೋಕಂ) ಸಿಪ್ಪೆಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಆ ನೀರು ಕುಡಿಯುತ್ತಿದ್ದೀರಿ, ಮೂರು ತಿಂಗಳಲ್ಲಿ ಫಾಸ್ಟಿಂಗ್ ಶುಗರ್ 182ರಿಂದ 138ಕ್ಕೆ ಇಳಿದಿದೆ, ಇನ್ನು ಮಾತ್ರೆ ಬಿಡಬಹುದೇ ಎಂದು ಕೇಳಿದ್ದೀರಿ. ಬಿಡಬೇಡಿ. ಉಳಿದದ್ದನ್ನು ನಿಧಾನಕ್ಕೆ ಮಾತಾಡೋಣ.

ಸಿಪ್ಪೆಯಲ್ಲಿ ಏನೂ ಇಲ್ಲ ಅಂತಲ್ಲ. ಮೇ ತಿಂಗಳಲ್ಲಿ ಹಣ್ಣು ಒಡೆದು ಬೀಜ ತೆಗೆದವರ ಬೆರಳು ಕೆಂಪಾಗಿ, ಸೋಪಿಗೂ ಜಗ್ಗುವುದಿಲ್ಲವಲ್ಲ, ಆ ಬಣ್ಣವೇ ಆಂಥೋಸಯನಿನ್. ಗಿಡಗಳು ತಯಾರಿಸುವ ಪಾಲಿಫಿನಾಲ್ ಎಂಬ ರಾಸಾಯನಿಕಗಳ ದೊಡ್ಡ ಕುಟುಂಬದ್ದು. ಅದರ ಜೊತೆಗೆ ಅದೇ ಕುಟುಂಬದ ಗಾರ್ಸಿನಾಲ್ ಇದೆ. ದಾಳಿಂಬೆ ಸಿಪ್ಪೆಯಲ್ಲಾದರೆ ಪ್ಯೂನಿಕಲಾಜಿನ್. ಹುಳ, ಬೂಷ್ಟು, ಬಿಸಿಲು ಎಲ್ಲವನ್ನೂ ಮೊದಲು ಎದುರಿಸುವುದು ಸಿಪ್ಪೆ ತಾನೆ? ನಾವು ಒಗರು ಎಂದು ಮುಖ ಸಿಂಡರಿಸುವುದು ಗಿಡ ತನಗಾಗಿ ಇಟ್ಟುಕೊಂಡ ಕಾವಲಿಗೆ.

ಅನ್ನದ ಪಿಷ್ಟವನ್ನು ಕರುಳಿನಲ್ಲಿ ಸಕ್ಕರೆಯಾಗಿ ಒಡೆಯುವ ಕಿಣ್ವಗಳಿವೆ. ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಇಂಥ ಪಾಲಿಫಿನಾಲ್‌ಗಳು ಅವುಗಳಿಗೆ ಅಂಟಿಕೊಂಡು ಕೆಲಸ ನಿಧಾನಿಸುತ್ತವೆ. ಅಕಾರ್ಬೋಸ್ ಎಂಬ ಶುಗರಿನ ಮಾತ್ರೆಯ ದಾರಿಯೂ ಇದೇ. ಆದರೆ ನಳಿಕೆಯಲ್ಲಿ ಹಾಕುವುದು ಸಾರವನ್ನು, ಅಳೆದು. ನಿಮ್ಮ ಲೋಟದಲ್ಲಿ ಇಂದು ಎಷ್ಟಿದೆ, ನಾಳೆ ಎಷ್ಟು, ಯಾರು ಅಳೆದರು? ಮೇಲಾಗಿ ಪಾಲಿಫಿನಾಲ್ ರಕ್ತಕ್ಕೆ ಸೇರುವುದು ಸ್ವಲ್ಪವೇ. ಬಹುಪಾಲು ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳ ಕೈಯಲ್ಲಿ ಬೇರೆಯೇ ಏನೋ ಆಗುತ್ತದೆ.

ಸಿಪ್ಪೆಯಿಂದ ಮಾತ್ರೆಯವರೆಗಿನ ದೂರ ತಿಳಿಯಲು ಸೇಬಿನ ಮರದ ಕಥೆ ಕೇಳಿ. ಅದರ ತೊಗಟೆಯಿಂದ 1835ರಲ್ಲಿ ಫ್ಲೋರಿಜಿನ್ ಎಂಬ ಪಾಲಿಫಿನಾಲ್ ತೆಗೆದರು. ಅದು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕಿಸುತ್ತದೆ ಎಂದು 1886ರಲ್ಲಿ ಜರ್ಮನಿಯ ಫಾನ್ ಮೇರಿಂಗ್ ತೋರಿಸಿದರು. ಆದರೆ ಬಾಯಿಂದ ಕೊಟ್ಟರೆ ಕರುಳಿನಲ್ಲೇ ಒಡೆದುಹೋಗುತ್ತಿತ್ತು. ಅದರ ರಚನೆ ತಿದ್ದಿ ತಿದ್ದಿ, ಡಾಪಾಗ್ಲಿಫ್ಲೋಜಿನ್ ಎಂಬ ಶುಗರಿನ ಮಾತ್ರೆಯಾಗಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದ್ದು 2012ರಲ್ಲಿ. ಅಂದರೆ 177 ವರ್ಷ! ಇಂದು ಅದು ಉಡುಪಿಯ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ತೊಗಟೆ ಜಗಿದವರಿಗೆ ಮಾತ್ರ ಆ ಗುಣ ದಕ್ಕಲಿಲ್ಲ.

ಇನ್ನು ನಿಮ್ಮ ಪತ್ರದ ಮೂರನೇ ಪುಟಕ್ಕೆ ಬರುತ್ತೇನೆ. ರಾತ್ರಿಯ ಕುಚ್ಚಲಕ್ಕಿ ಅನ್ನ ಬಿಟ್ಟು ಎರಡು ಚಪಾತಿಗೆ ಇಳಿದಿದ್ದೀರಿ, ಸಂಜೆ ಕಡಲ ಬದಿಯಲ್ಲಿ ನಡೆಯುತ್ತಿದ್ದೀರಿ, ಅದೂ ಇದೇ ಮೂರು ತಿಂಗಳಿಂದ. ಮಾತ್ರೆಯನ್ನೂ ತಪ್ಪಿಸಿಲ್ಲ. ಹಾಗಿರುವಾಗ ಹೆಸರೆಲ್ಲ ಸಿಪ್ಪೆಗೇ ಯಾಕೆ? ಮತ್ತೆ, ಖಾಲಿ ಹೊಟ್ಟೆಯಲ್ಲಿ 126 ದಾಟಿದರೆ ಸಕ್ಕರೆ ಕಾಯಿಲೆ ಎನ್ನುತ್ತಾರೆ; 138 ಎಂದರೆ ಇನ್ನೂ ಆ ಗೆರೆಯ ಮೇಲೆಯೇ ಇದ್ದೀರಿ.

ಎಚ್‌ಬಿಎವನ್‌ಸಿ ಎಂಬ ರಕ್ತಪರೀಕ್ಷೆ ಒಂದು ಮಾಡಿಸಿ, ಎರಡು ಮೂರು ತಿಂಗಳ ಶುಗರಿನ ಸರಾಸರಿ ಗೊತ್ತಾಗುತ್ತದೆ. ಸಿಪ್ಪೆ ನೀರಿನ ವಿಷಯ ನಾಚಿಕೊಳ್ಳದೆ ಡಾಕ್ಟರಿಗೆ ಹೇಳಿ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯಾದರೆ, ಬಿಪಿ ಇರುವವರು ಅದನ್ನೂ ಲೆಕ್ಕ ಹಿಡಿಯಬೇಕು.

ಶರಬತ್ತಿನ ಸುದ್ದಿಯೇ ಬೇರೆ. ಮೊನ್ನೆ ಒಂದು ಮದುವೆ ಮನೆಯಲ್ಲಿ, ಶುಗರಿಗೆ ಒಳ್ಳೆಯದು ಎನ್ನುತ್ತಲೇ ಹಿರಿಯರೊಬ್ಬರು ಎರಡು ಲೋಟ ಪುನರ್ಪುಳಿ ಶರಬತ್ತು ಇಳಿಸಿದರು. ಅರ್ಧಕ್ಕರ್ಧ ಸಕ್ಕರೆ ಪಾಕ ಅದು. ನೀವು ಸಾರು ಮಾಡಿ, ಹಸಿಮೆಣಸು ಸೀಳಿ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಧಾರಾಳ ಉಣ್ಣಿ. ಬೆಲ್ಲ ಮಾತ್ರ ಕೈ ಹಿಡಿದು ಹಾಕಿ.

– ಸಂ.