ಮೂರು ಡಾಲರ್ ಅಂದರೆ ಎಷ್ಟು ರೂಪಾಯಿ?

ಪ್ರಶ್ನೆ: ದಿನಕ್ಕೆ 3 ಡಾಲರ್‌ಗಿಂತ ಕಡಿಮೆಯಲ್ಲಿ ಬದುಕುವವರು ಕಡುಬಡವರು ಎನ್ನುತ್ತದೆ ವಿಶ್ವಬ್ಯಾಂಕ್. ಅಂದರೆ 250 ರೂಪಾಯಿಗೂ ಹೆಚ್ಚು. ನಾಲ್ಕು ಜನರ ಮನೆಗೆ ತಿಂಗಳಿಗೆ 30,000! ನಮ್ಮ ಚಾಳಿನವರೆಲ್ಲ ಕಡುಬಡವರೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅಲ್ಲ. ನೋಟು ಬದಲಾಯಿಸುವ ದರವನ್ನು ಇಲ್ಲಿ ಹಾಕಬಾರದು. ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸಾಮಾನು ನಮ್ಮಲ್ಲಿ ಎಷ್ಟು ರೂಪಾಯಿಗೆ ಸಿಗುತ್ತದೆ ಎಂಬುದೇ ಇಲ್ಲಿನ ಅಳತೆ. 2021ರ ಬೆಲೆಯಲ್ಲಿ ಅದು ಸುಮಾರು 20 ರೂಪಾಯಿ. ಹಾಗಾಗಿ 3 ಡಾಲರ್ ಎಂದರೆ ತಲೆಗೆ ದಿನಕ್ಕೆ 60, ನಾಲ್ವರಿಗೆ 240, ತಿಂಗಳಿಗೆ 7,200 ರೂಪಾಯಿ. ಇವತ್ತಿನ ಮೊತ್ತ ಬೇಕಿದ್ದರೆ ಆಮೇಲಿನ ಬೆಲೆಯೇರಿಕೆಯನ್ನು ಸೇರಿಸಿಕೊಳ್ಳಿ. ಇನ್ನೊಂದು ವಿಷಯ, ನಮ್ಮ ದೇಶದಲ್ಲಿ ಬಡತನವನ್ನು ಅಳೆಯುವುದು ಸಂಬಳದಿಂದಲ್ಲ, ಮನೆಯ ಖರ್ಚಿನಿಂದ. ಸ್ವಂತ ಗದ್ದೆಯಿಂದ ಬಂದ ಅಕ್ಕಿಗೂ ಬೆಲೆ ಕಟ್ಟುತ್ತಾರೆ.

ಈ 7,200 ರೂಪಾಯಿ ಮುಂಬಯಿಯಲ್ಲಿ ಎಷ್ಟೋ ಕಡೆ ಖೋಲಿಯ ಬಾಡಿಗೆಗೂ ಸಾಲುವುದಿಲ್ಲ. ಈ ಗೆರೆ ದಾಟಿದ ಸಂಸಾರ ನೆಮ್ಮದಿಯಾಗಿದೆ ಎಂದು ಯಾರೂ ತಿಳಿಯಬಾರದು. ಭಾರತದಂಥ ದೇಶಗಳಿಗೆಂದು ವಿಶ್ವಬ್ಯಾಂಕೇ 4.20 ಡಾಲರಿನ ಇನ್ನೊಂದು ಗೆರೆ ಹಾಕಿದೆ. ನಮ್ಮ ಚರ್ಚೆಗೆ ಅದೇ ಸರಿ.

ಪ್ರಶ್ನೆ: ಭಾರತದ ಕಡುಬಡತನ 2011–12ರಲ್ಲಿ ಶೇ. 27.1 ಇದ್ದದ್ದು 2022–23ರಲ್ಲಿ ಶೇ. 5.3ಕ್ಕೆ ಇಳಿಯಿತಂತೆ. ನಂಬಬಹುದೇ?
– ವಿದ್ಯಾರ್ಥಿನಿ, ಪುಣೆ

ಉತ್ತರ: ಇಳಿದಿರುವುದು ನಿಜ. ಎಷ್ಟು ಎಂಬಲ್ಲಿ ಎಚ್ಚರ ಬೇಕು. ನಿಮ್ಮೂರಿನ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ 1971ರಲ್ಲಿ ದಿನಕ್ಕೆ 2,250 ಕ್ಯಾಲರಿಯ ಊಟವನ್ನು ಆಧಾರವಾಗಿಟ್ಟು ಬಡವರನ್ನು ಎಣಿಸಿದ್ದರು. ಈಗ ಜಗಳವಿರುವುದು ಸರ್ಕಾರಿ ಸಮೀಕ್ಷೆಯವರು ಮನೆಮನೆಗೆ ಹೋಗಿ ಖರ್ಚನ್ನು ಕೇಳುವ ರೀತಿಯ ಬಗ್ಗೆ. ಕಳೆದ 30 ದಿನಗಳಲ್ಲಿ ತರಕಾರಿ, ಮೊಟ್ಟೆಗೆ ಎಷ್ಟು ಹೋಯಿತು ಎಂದು ಕೇಳಿದರೆ ಅರ್ಧ ಮರೆತಿರುತ್ತದೆ. 7 ದಿನದ್ದು ಕೇಳಿದರೆ ನೆನಪಾಗುತ್ತದೆ, ಖರ್ಚು ಹೆಚ್ಚು ಬರೆಯಿಸುತ್ತಾರೆ, ಬಡವರ ಸಂಖ್ಯೆ ಕಾಗದದ ಮೇಲೆ ಇಳಿಯುತ್ತದೆ. ಬಟ್ಟೆ, ಶಾಲೆಯ ಶುಲ್ಕಕ್ಕೆ ಇಡೀ ವರ್ಷದ್ದನ್ನೇ ಕೇಳಬೇಕು. 2022–23ರಲ್ಲಿ ಒಂದೇ ಮನೆಗೆ ಮೂರು ಸಲ ಹೋಗಿ ಪ್ರಶ್ನೆಗಳನ್ನು ಹಂಚಿ ಕೇಳಿದ್ದರು, 2011–12ರಲ್ಲಿ ಹಾಗಿರಲಿಲ್ಲ. ಆದ್ದರಿಂದ ಎರಡು ವರ್ಷಗಳ ಅಂಕಿಗಳನ್ನು ಹೋಲಿಸುವ ಮೊದಲು ಮೂರನ್ನು ನೋಡಿ: ಗೆರೆ ಒಂದೇ ಇದೆಯೇ, ಯಾವ ವರ್ಷದ ಬೆಲೆ, ಎಷ್ಟು ದಿನದ ನೆನಪು.

ಆಸ್ಪತ್ರೆಗೆ ಸಾಲ ತಂದು ಕಟ್ಟಿದ ದುಡ್ಡೂ ಈ ಲೆಕ್ಕದಲ್ಲಿ ಖರ್ಚೇ. ಆ ವರ್ಷ ಆ ಮನೆ ಗೆರೆಯ ಮೇಲೆ ಕಾಣುತ್ತದೆ, ಒಳಗೆ ಅಕ್ಕಿ ಡಬ್ಬ ಖಾಲಿಯಾಗಿದ್ದರೂ.