ಫೈನಲ್ ಸಬ್‌ಮಿಟ್ ಒತ್ತುವ ಮುಂಚೆ

ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುವ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿವು. ತುಮಕೂರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಪಿಜಿ ಪ್ರವೇಶದ ದಾಖಲೆ ಪರಿಶೀಲನೆಗೆ ಕೂತಿದ್ದ ನಿವೃತ್ತ ಪ್ರಾಧ್ಯಾಪಕರೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಎಂ.ಎಸ್ಸಿ. ಗಣಿತ ಮಾಡುವ ಆಸೆ. ರಿಸಲ್ಟ್ ಬಂದ ಮೇಲೆ ಅರ್ಜಿ ಹಾಕಿದರೆ ಸಾಕು ಅಂತ ಸೀನಿಯರ್‌ಗಳು ಹೇಳ್ತಾರೆ. ಹೌದಾ ಸರ್?
– ವಿದ್ಯಾರ್ಥಿನಿ, ಗುಬ್ಬಿ

ಅರ್ಧ ಹೌದು. ತುಮಕೂರು ವಿಶ್ವವಿದ್ಯಾಲಯಕ್ಕೋ, ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೋ ಹಾಕುವುದಾದರೆ ಆ ಮಾತು ಸರಿ. ಅಲ್ಲಿ ಸಾಮಾನ್ಯವಾಗಿ ಪದವಿ ಪರೀಕ್ಷೆಗಳು ಮುಗಿದ ಮೇಲೆಯೇ ಪಿಜಿ ಅಧಿಸೂಚನೆ ಬರುತ್ತದೆ, ಅರ್ಜಿ ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಸಾಮಾನ್ಯವಾದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ.

ಉಳಿದರ್ಧ ಕೇಳಿ. ಐಐಟಿಗಳ ಎಂ.ಎಸ್ಸಿ.ಗೆ ಜಾಮ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಅದರ ಅರ್ಜಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೇ ಮುಗಿದು ಫೆಬ್ರವರಿಯಲ್ಲಿ ಪರೀಕ್ಷೆ ನಡೆಯುತ್ತದೆ. ಹೈದರಾಬಾದ್ ವಿಶ್ವವಿದ್ಯಾಲಯ, ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆಗೆ ಸಿಯುಇಟಿ-ಪಿಜಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ. ಅದರ ಅರ್ಜಿ ಡಿಸೆಂಬರ್–ಜನವರಿ ಹೊತ್ತಿಗೆ, ಪರೀಕ್ಷೆ ಮಾರ್ಚ್ ಹೊತ್ತಿಗೆ. ಅಂದರೆ ನೀವು ಐದನೇ ಸೆಮಿಸ್ಟರ್‌ನಲ್ಲಿ ಇರುವಾಗಲೇ ಈ ಎರಡು ಬಾಗಿಲು ತೆರೆದು ಮುಚ್ಚಿರುತ್ತವೆ. ಕೊನೆಯ ವರ್ಷದಲ್ಲಿ ಓದುತ್ತಿರುವವರು ಹಾಕಬಹುದು, ರಿಸಲ್ಟ್ ಕಾಯಬೇಕಿಲ್ಲ.

ಇನ್ನೊಂದು ಮಾತು. ಇದನ್ನು ತಿಳಿಯದೆ ಪ್ರತಿ ವರ್ಷ ಕೆಲವರು ಸೀಟು ಕಳೆದುಕೊಳ್ಳುತ್ತಾರೆ. ಸಿಯುಇಟಿ ಬರೆದು ಒಳ್ಳೆ ಅಂಕ ಬಂದರೆ ಸೀಟು ತಾನಾಗಿ ಬರುವುದಿಲ್ಲ. ಫಲಿತಾಂಶದ ನಂತರ ಆಯಾ ವಿಶ್ವವಿದ್ಯಾಲಯದ ಪೋರ್ಟಲ್‌ನಲ್ಲಿ ಮತ್ತೆ ಬೇರೆ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಜಾಮ್‌ಗೂ ಹಾಗೆಯೇ, ರ‍್ಯಾಂಕ್ ಬಂದ ಮೇಲೆ ಪ್ರವೇಶಕ್ಕೆ ಇನ್ನೊಂದು ಅರ್ಜಿ. ನಿಮ್ಮ ಗೆಳತಿಯರಲ್ಲಿ ಎಂಸಿಎ, ಎಂಬಿಎ ಅನ್ನುವವರಿದ್ದರೆ ಅವರ ದಾರಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ.

ಪ್ರಶ್ನೆ: ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರು ‘ಶ್ವೇತಾ ಎನ್’. ಆಧಾರ್‌ನಲ್ಲಿ ‘ಶ್ವೇತಾ ನಾರಾಯಣಪ್ಪ’. ಡಿಗ್ರಿ ಮಾರ್ಕ್ಸ್ ಕಾರ್ಡಿನಲ್ಲಿ ‘ಎನ್ ಶ್ವೇತ’, ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ಎಚ್ ಬೇರೆ ಬಿಟ್ಟುಹೋಗಿದೆ. ಅರ್ಜಿಯಲ್ಲಿ ಯಾವುದು ಹಾಕಲಿ?
– ಚಿಂತಾಮಣಿ (ಹೆಸರು ಬದಲಿಸಿದೆ)

ನಮ್ಮ ಕಡೆ ಮನೆತನದ ಹೆಸರು ಇಟ್ಟುಕೊಳ್ಳುವವರು ಕಡಿಮೆ. ಅಪ್ಪನ ಹೆಸರಿನ ಒಂದಕ್ಷರ ಇನಿಷಿಯಲ್, ಅದೂ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಊರಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಕಂಪ್ಯೂಟರಿಗೆ ಮಾತ್ರ ಶ್ವೇತಾ ಎನ್, ಎನ್ ಶ್ವೇತಾ, ಶ್ವೇತಾ ನಾರಾಯಣಪ್ಪ ಅಂದರೆ ಮೂವರು ಹೆಣ್ಣುಮಕ್ಕಳು.

ಅರ್ಜಿಯಲ್ಲಿ ಹತ್ತನೇ ತರಗತಿಯ ಮಾರ್ಕ್ಸ್ ಕಾರ್ಡಿನಲ್ಲಿ ಇರುವಂತೆಯೇ ಹಾಕಿ, ಚುಕ್ಕೆ, ಜಾಗ ಎಲ್ಲವೂ ಅದರಂತೆಯೇ. ಸಿಯುಇಟಿಯಂಥ ಅರ್ಜಿಗಳು ಕೇಳುವುದೂ ಅದನ್ನೇ. ಆಮೇಲೆ ಉಳಿದ ಕಾಗದಗಳನ್ನು ಅದರ ಕಡೆಗೆ ಎಳೆದುಕೊಂಡು ಬನ್ನಿ. ಎಸ್ಸೆಸ್ಸೆಲ್ಸಿ ಕಾರ್ಡನ್ನು ಆಧಾರ್‌ಗೆ ಹೊಂದಿಸಲು ಹೋಗಬೇಡಿ, ಓಡಾಡಿ ಚಪ್ಪಲಿ ಸವೆಯುತ್ತದೆ ಅಷ್ಟೇ. ಆಧಾರ್‌ನಲ್ಲಿ ಹೆಸರು ತಿದ್ದಿಸುವುದು ಸುಲಭ, ಆದರೆ ಜೀವಮಾನದಲ್ಲಿ ಎರಡೇ ಸಲ ಅವಕಾಶ. ಅರ್ಜಿ ನಮೂನೆಯಲ್ಲಿ ಬರೆದದ್ದನ್ನು ಆಪರೇಟರ್ ಟೈಪ್ ಮಾಡಿದ ಮೇಲೆ ಪರದೆ ನೋಡಿ ಓದಿ, ಆಮೇಲೆ ಹೂಂ ಅನ್ನಿ. ಡಿಗ್ರಿ ಕಾರ್ಡಿನ ತಪ್ಪನ್ನು ಕಾಲೇಜಿನ ಮೂಲಕ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಈಗಲೇ ಬರೆದು ತಿದ್ದಿಸಿ. ಪದವಿ ಪ್ರಮಾಣಪತ್ರ ಅಚ್ಚಾಗುವ ಮುಂಚೆ ಆದರೆ ಒಂದು ಅರ್ಜಿಯಲ್ಲಿ ಮುಗಿಯುವ ಕೆಲಸ ಅದು. ಅಷ್ಟರೊಳಗೆ ಆಗದಿದ್ದರೆ ‘ಈ ಎರಡೂ ಹೆಸರು ಒಬ್ಬರದೇ’ ಎಂದು ನೋಟರಿ ಅಫಿಡವಿಟ್ ಮಾಡಿಸಿ ಕೈಯಲ್ಲಿಟ್ಟುಕೊಳ್ಳಿ. ಅದು ತಾತ್ಕಾಲಿಕ ಊರುಗೋಲು, ಎಲ್ಲ ಕಡೆಯೂ ಒಪ್ಪುತ್ತಾರೆ ಎನ್ನಲಾಗದು.

ಅಪ್ಪನ ಹೆಸರನ್ನೂ ನೋಡಿಕೊಳ್ಳಿ. ಒಂದು ವರ್ಷ ಪಾವಗಡದ ಕಡೆಯ ಹುಡುಗನೊಬ್ಬ ನನ್ನ ಮೇಜಿನ ಮುಂದೆ ನಿಂತಿದ್ದ. ಅಂಕ ಚೆನ್ನಾಗಿತ್ತು, ಮೆರಿಟ್ ಪಟ್ಟಿಯಲ್ಲಿ ಹೆಸರಿತ್ತು. ಮಾರ್ಕ್ಸ್ ಕಾರ್ಡಿನಲ್ಲಿ ತಂದೆ ‘ಹನುಮಂತರಾಯಪ್ಪ’, ಜಾತಿ ಪ್ರಮಾಣಪತ್ರದಲ್ಲಿ ‘ಹನುಮಂತರಾಯ’. ಒಂದು ‘ಪ್ಪ’ದ ವ್ಯತ್ಯಾಸ. ನಾನು ಬಿಟ್ಟರೂ ಮುಂದಿನ ಮೇಜಿನವರು ಬಿಡುವುದಿಲ್ಲವೆಂದು ಗೊತ್ತಿತ್ತು. ಹುಡುಗ ಏನೂ ಮಾತಾಡದೆ ಕಾಗದಗಳನ್ನು ಮತ್ತೆ ಜೆರಾಕ್ಸ್ ಅಂಗಡಿಯ ಪ್ಲಾಸ್ಟಿಕ್ ಕವರಿಗೆ ಸೇರಿಸಿ, ನೂರು ಕಿಲೋಮೀಟರ್ ಹತ್ತಿರದ ದಾರಿ ವಾಪಸ್ ಹೋದ. ಮಾರನೇ ದಿನ ನಾಲ್ಕು ಗಂಟೆಗೆ, ನಾವು ರಿಜಿಸ್ಟರ್ ಮುಚ್ಚುವ ಹೊತ್ತಿಗೆ, ಅಫಿಡವಿಟ್ ಹಿಡಿದು ಬಂದ. ಸೀಟು ಸಿಕ್ಕಿತು. ಬಸ್ಸು ಕೆಟ್ಟಿದ್ದರೆ ಸಿಗುತ್ತಿರಲಿಲ್ಲ.

ಪ್ರಶ್ನೆ: ನಮ್ಮದು 2ಎ. ನಾಡಕಚೇರಿಯಲ್ಲಿ ಮಾಡಿಸಿದ ಜಾತಿ–ಆದಾಯ ಪ್ರಮಾಣಪತ್ರ ಇನ್ನೂ ಚಾಲ್ತಿಯಲ್ಲಿದೆ. ಸಿಯುಇಟಿಗೆ ಅದನ್ನೇ ಅಪ್‌ಲೋಡ್ ಮಾಡಬಹುದಾ?
– ವಿದ್ಯಾರ್ಥಿ, ಮಾಲೂರು

ಆಗುವುದಿಲ್ಲ. 2ಎ, 3ಎ ಎಂಬುದೆಲ್ಲ ನಮ್ಮ ರಾಜ್ಯದ ಲೆಕ್ಕ. 2ಎಗೆ ಇಲ್ಲಿ ಶೇ 15 ಮೀಸಲಾತಿ ಇದೆ. ಕೇಂದ್ರದ ಸಂಸ್ಥೆಗಳಿಗೆ ಗೊತ್ತಿರುವುದು ಒಬಿಸಿ (ಇತರೆ ಹಿಂದುಳಿದ ವರ್ಗ) ಒಂದೇ, ಶೇ 27. ಅದಕ್ಕೆ ಕೇಂದ್ರದ ನಮೂನೆಯಲ್ಲಿ, ಕೆನೆಪದರಕ್ಕೆ (ಹಿಂದುಳಿದ ವರ್ಗದಲ್ಲೇ ಮುಂದುವರಿದವರಿಗೆ) ಸೇರಿಲ್ಲ ಎಂದು ತಹಶೀಲ್ದಾರರು ಕೊಟ್ಟ ಬೇರೆಯೇ ಪ್ರಮಾಣಪತ್ರ ಬೇಕು. ನಾಡಕಚೇರಿಯಲ್ಲಿ ಕೇಳುವಾಗ ‘ಸೆಂಟ್ರಲ್ ಒಬಿಸಿ’ ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ಹಳೆಯದನ್ನೇ ಮತ್ತೆ ಪ್ರಿಂಟ್ ಹಾಕಿ ಕೊಟ್ಟಾರು. ಮುಂಚೆ ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿ ಇದೆಯೇ ನೋಡಿಕೊಳ್ಳಿ. ರಾಜ್ಯದ ಪಟ್ಟಿಯಲ್ಲಿ ಇರುವುದೆಲ್ಲ ಅಲ್ಲಿ ಇರಬೇಕೆಂದಿಲ್ಲ.

ದಿನಾಂಕದ ಕಡೆ ಗಮನವಿರಲಿ. ಪ್ರವೇಶದ ವರ್ಷದ ಏಪ್ರಿಲ್ 1ರ ನಂತರ ಕೊಟ್ಟ ಪ್ರಮಾಣಪತ್ರವನ್ನೇ ಕೇಳುವುದು ವಾಡಿಕೆ. ಡಿಸೆಂಬರ್‌ನಲ್ಲಿ ಅರ್ಜಿಗೆಂದು ಮಾಡಿಸಿದ್ದು ಜುಲೈಯಲ್ಲಿ ಪ್ರವೇಶದ ಹೊತ್ತಿಗೆ ಹಳತಾಗಿರುತ್ತದೆ. ಏಪ್ರಿಲ್‌ನಲ್ಲಿ ಮತ್ತೊಂದು ಮಾಡಿಸಿ.

ಕೆನೆಪದರಕ್ಕೆ ವರ್ಷಕ್ಕೆ ಎಂಟು ಲಕ್ಷ ರೂಪಾಯಿ ಆದಾಯದ ಮಿತಿ ಎಂದು ಕೇಳಿ ಕೆಲವರು ಹೆದರುತ್ತಾರೆ. ಆ ಎಂಟು ಲಕ್ಷಕ್ಕೆ ಸಂಬಳವನ್ನೂ ಬೇಸಾಯದ ಆದಾಯವನ್ನೂ ಸೇರಿಸುವುದಿಲ್ಲ. ಟೊಮೆಟೊಗೆ ಒಳ್ಳೆ ರೇಟು ಬಂದ ವರ್ಷ ಅಪ್ಪ ಲಕ್ಷಾಧಿಪತಿಯಾದರು ಅಂತ ನೀವೇ ಅರ್ಜಿಯಿಂದ ಹಿಂದೆ ಸರಿಯಬೇಡಿ. ತಂದೆ–ತಾಯಿ ಸರ್ಕಾರಿ ನೌಕರಿಯಲ್ಲಿದ್ದರೆ ಸಂಬಳವಲ್ಲ, ಹುದ್ದೆಯ ದರ್ಜೆ ನೋಡುತ್ತಾರೆ.

ಪ್ರಶ್ನೆ: ಎಂ.ಎಸ್ಸಿ. ಪರಿಸರ ವಿಜ್ಞಾನಕ್ಕೆ ಬೆಂಗಳೂರಿನ ಸಂಸ್ಥೆಯೊಂದು ಉದ್ದೇಶ ಪತ್ರ (ಸ್ಟೇಟ್‌ಮೆಂಟ್ ಆಫ್ ಪರ್ಪಸ್) ಕೇಳಿದೆ. ಹೀಗೆ ಶುರು ಮಾಡಿದ್ದೇನೆ: ‘ಚಿಕ್ಕಂದಿನಿಂದಲೂ ನನಗೆ ಪರಿಸರದ ಮೇಲೆ ಅಪಾರ ಪ್ರೀತಿ. ಮಾಲಿನ್ಯ ಇಂದು ಜಗತ್ತಿನ ಬಹುದೊಡ್ಡ ಸವಾಲು. ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಓದಿ ಸಮಾಜಕ್ಕೆ ಅಳಿಲು ಸೇವೆ ಸಲ್ಲಿಸಬೇಕೆಂಬುದು ನನ್ನ ಕನಸು.’ ಸರಿ ಇದೆಯಾ? ನಾನು ಮಾಡಿದ ಪ್ರಾಜೆಕ್ಟ್ ಏನೂ ದೊಡ್ಡದಲ್ಲ, ಊರಿನ ಹನ್ನೊಂದು ಬೋರ್‌ವೆಲ್ ನೀರು ತಂದು ಫ್ಲೋರೈಡ್ ನೋಡಿದ್ದು ಅಷ್ಟೇ. ಹಾಗಾಗಿ ಬರೆದಿಲ್ಲ.
– ವಿದ್ಯಾರ್ಥಿ, ಬಾಗೇಪಲ್ಲಿ

ಬರೆದದ್ದನ್ನು ಅಳಿಸಿ, ಬರೆಯದೆ ಬಿಟ್ಟದ್ದನ್ನು ಬರೆಯಿರಿ!

ನಿಮ್ಮ ಮೂರು ವಾಕ್ಯಗಳ ಕೆಳಗೆ ಬೇರೆ ಯಾರ ಸಹಿ ಹಾಕಿದರೂ ನಡೆಯುತ್ತದೆ. ಓದುವವರು ಒಂದೇ ಸಂಜೆ ಇಂಥ ಎಂಬತ್ತು ಪತ್ರ ಓದುತ್ತಿರುತ್ತಾರೆ, ಎಲ್ಲರಿಗೂ ಚಿಕ್ಕಂದಿನಿಂದಲೂ ಪ್ರೀತಿಯೇ. ಆದರೆ ಹನ್ನೊಂದು ಬೋರ್‌ವೆಲ್ ನಿಮ್ಮವು. ಬಾಗೇಪಲ್ಲಿ ಸೀಮೆಯಲ್ಲಿ ನೀರಿನ ಫ್ಲೋರೈಡ್‌ನಿಂದ ಹಲ್ಲಿನ ಮೇಲೆ ಕಂದು ಕಲೆ ಬಿದ್ದ ಮಕ್ಕಳನ್ನು ನೀವು ಪಕ್ಕದ ಬೆಂಚಿನಲ್ಲೇ ನೋಡಿರುತ್ತೀರಿ. ಅಲ್ಲಿಂದ ಶುರು ಮಾಡಿ. ಯಾವ ಊರು, ಬೋರ್‌ವೆಲ್ ಎಷ್ಟು ಅಡಿ, ನೀರು ಹಿಡಿದ ಬಾಟಲಿ ಯಾವುದು. ಗಾಜಿನದಾಗಿದ್ದರೆ ಅದನ್ನೂ ಹೇಳಿ, ಫ್ಲೋರೈಡ್‌ಗೆ ಪ್ಲಾಸ್ಟಿಕ್ ಬಾಟಲಿ ಬೇಕೆಂದು ಯಾವಾಗ ತಿಳಿಯಿತು ಎಂಬುದನ್ನೂ ಹೇಳಿ. ಕಾಲೇಜಿನ ಕಲರಿಮೀಟರ್‌ನಲ್ಲಿ ಬಣ್ಣ ನೋಡಿ ಅಳೆದಿರೋ, ಎಲೆಕ್ಟ್ರೋಡ್ ಇತ್ತೋ? ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ಹನ್ನೊಂದರಲ್ಲಿ ಎಷ್ಟು ಅದನ್ನು ದಾಟಿದವು?

ಆಮೇಲೆ, ಉತ್ತರ ಸಿಗದ ಪ್ರಶ್ನೆಯೊಂದನ್ನು ಇಡಿ. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಅಳೆದಿದ್ದರೆ ಏನಾಗುತ್ತಿತ್ತು? ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ, ನಿಮ್ಮ ಜಿಲ್ಲೆಗೆ ಹೆಬ್ಬಾಳ–ನಾಗವಾರ ಕಣಿವೆಯದು. ಕೆರೆ ತುಂಬಿದ ಊರಿನ ಬೋರ್‌ವೆಲ್‌ಗೂ ತುಂಬದ ಊರಿನದಕ್ಕೂ ವ್ಯತ್ಯಾಸವಿದೆಯೇ? ‘ಇದನ್ನು ಕಂಡುಕೊಳ್ಳಲು ನನಗೆ ಬರದ ವಿದ್ಯೆ ಇಂಥದ್ದು, ಅದನ್ನು ಕಲಿಸುವವರು ನಿಮ್ಮಲ್ಲಿದ್ದಾರೆ’ ಅಂದರೆ ಉದ್ದೇಶ ಪತ್ರದ ಉದ್ದೇಶ ಮುಗಿಯಿತು. ಅದಕ್ಕೆ ಆ ವಿಭಾಗದ ಅಧ್ಯಾಪಕರು ಏನು ಕೆಲಸ ಮಾಡುತ್ತಿದ್ದಾರೆಂದು ಅರ್ಧ ಗಂಟೆ ಓದಬೇಕು. ‘ಪ್ರತಿಷ್ಠಿತ ಸಂಸ್ಥೆ’ ಎಂದು ಬರೆಯುವವರು ಆ ಅರ್ಧ ಗಂಟೆ ಉಳಿಸಿದವರು.

ನಿಮ್ಮ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅರ್ಜಿಯಲ್ಲಿ ಇಂಗ್ಲಿಷ್. ಹಾಗಾಗಿ ಮೊದಲು ನಿಮಗೆ ಸಲೀಸಾದ ಭಾಷೆಯಲ್ಲಿ ಗೆಳೆಯನಿಗೆ ಹೇಳುವಂತೆ ಬರೆದುಕೊಳ್ಳಿ, ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿ. ಎಐ ಕೈಲಿ ಬರೆಸುವ ಚಾಳಿ ಈಗ ಬಂದಿದೆ. ಕಾಗುಣಿತ ತಿದ್ದಿಸಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ನಿಮ್ಮೂರ ಬೋರ್‌ವೆಲ್ ಎಷ್ಟು ಆಳವೆಂದು ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲವೆಂದು ಹೇಳುವ ಸಂಕೋಚವೂ ಅದಕ್ಕಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಎಂ.ಎಸ್. ಮಾಡಲು ಮೂರು ಶಿಫಾರಸು ಪತ್ರ ಬೇಕು. ನಮ್ಮ ಸರ್‌ಗಳನ್ನು ಕೇಳಲು ಸಂಕೋಚ. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹತ್ತಿರವೇ ತೆಗೆದುಕೊಂಡರೆ ತೂಕ ಜಾಸ್ತಿಯಾ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ತುಮಕೂರು

ಎಚ್‌ಒಡಿಗೆ ನಿಮ್ಮ ಮುಖ ಗೊತ್ತಿಲ್ಲದಿದ್ದರೆ ತೂಕ ಇಲ್ಲ. ಲ್ಯಾಬಿನಲ್ಲಿ ನಿಮ್ಮ ಸರ್ಕ್ಯೂಟ್ ಸುಟ್ಟಾಗ ಜೊತೆಗೆ ನಿಂತಿದ್ದ ಮೇಡಂ ಇದ್ದಾರಲ್ಲ, ಅವರನ್ನು ಕೇಳಿ. ಡಿಸೆಂಬರ್ ಗಡುವಿಗೆ ಅಕ್ಟೋಬರ್ ಕೊನೆಯಲ್ಲೇ ಕೇಳಬೇಕು. ಸ್ಟಾಫ್ ರೂಮಿಗೆ ಹೋಗಿ ಎದುರಿಗೆ ನಿಂತು ಕೇಳಿ, ವಾಟ್ಸ್‌ಆ್ಯಪ್‌ನಲ್ಲಿ ಬೇಡ. ಕೈಯಲ್ಲಿ ಒಂದು ಹಾಳೆ ಇರಲಿ: ಅವರಲ್ಲಿ ಯಾವ ವಿಷಯ ಓದಿದಿರಿ, ಯಾವ ಪ್ರಾಜೆಕ್ಟ್, ಎಲ್ಲೆಲ್ಲಿಗೆ ಹಾಕುತ್ತಿದ್ದೀರಿ, ಕೊನೆಯ ದಿನ ಯಾವುದು. ವಿಶ್ವವಿದ್ಯಾಲಯದವರು ಲಿಂಕ್ ಕಳಿಸುವುದು ಅವರ ಮೇಲ್‌ಗೆ. ಕಾಲೇಜಿನ ಅಧಿಕೃತ ಮೇಲ್ ಐಡಿ ಕೊಡಿ, ಸ್ಪ್ಯಾಮ್ ನೋಡಲು ನೆನಪಿಸಿ. ‘ನೀನೇ ಬರೆದು ತಾ, ಸಹಿ ಹಾಕ್ತೀನಿ’ ಅನ್ನುವವರಿದ್ದಾರೆ, ಅಂಥವರನ್ನು ಬಿಟ್ಟು ಇನ್ನೊಬ್ಬರನ್ನು ನೋಡಿ. ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಅಧಿಕೃತ ದಾಖಲೆಯಾದ ಟ್ರಾನ್ಸ್‌ಕ್ರಿಪ್ಟ್‌ಗೂ ಈಗಲೇ ಅರ್ಜಿ ಹಾಕಿ. ಇಂಗ್ಲಿಷ್ ಪರೀಕ್ಷೆಗಳಾದ ಐಇಎಲ್‌ಟಿಎಸ್, ಟೋಫೆಲ್ ಅಂಕ ಎರಡು ವರ್ಷ ನಡೆಯುತ್ತದೆ, ಪ್ರವೇಶ ಪರೀಕ್ಷೆ ಜಿಆರ್‌ಇಯದು ಐದು ವರ್ಷ.

ಪ್ರಶ್ನೆ: ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿಸಿದೆ. ದುಡ್ಡು ಕಟ್ ಆಗಿದೆ, ಅರ್ಜಿಯಲ್ಲಿ ಮಾತ್ರ ‘ಪೆಂಡಿಂಗ್’ ಅಂತ ತೋರಿಸ್ತಿದೆ. ಮತ್ತೆ ಕಟ್ಟಲಾ?
– ಶಿರಾ

ಕೂಡಲೇ ಕಟ್ಟಬೇಡಿ. ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಂಡು ಒಂದು ದಿನ ಕಾಯಿರಿ. ಎಷ್ಟೋ ಸಲ ತಾನಾಗಿ ಸರಿಹೋಗುತ್ತದೆ, ಇಲ್ಲವೇ ದುಡ್ಡು ಖಾತೆಗೆ ಮರಳುತ್ತದೆ. ಕೊನೆಯ ದಿನವೇ ಆಗಿದ್ದರೆ ಮಾತ್ರ ಮತ್ತೆ ಕಟ್ಟಿ, ಎರಡು ಸಲ ಹೋದದ್ದನ್ನು ಆಮೇಲೆ ಕೇಳೋಣ.

ನನಗೆ ಚಿಂತೆ ಬೇರೆ. ಅರ್ಜಿಯಲ್ಲಿ ಮೇಲ್ ಐಡಿ ಯಾರದ್ದು ಹಾಕಿದ್ದಾರೆ? ಸೆಂಟರ್‌ನವರು ಎಷ್ಟೋ ಸಲ ತಮ್ಮದನ್ನೇ ಹಾಕಿಬಿಡುತ್ತಾರೆ, ಒಟಿಪಿ ಬೇಗ ಬರಲಿ ಅಂತ. ಹಾಲ್ ಟಿಕೆಟ್, ಕೌನ್ಸೆಲಿಂಗ್ ದಿನ ಎಲ್ಲ ಅವರ ಇನ್‌ಬಾಕ್ಸ್‌ಗೇ ಹೋಗುತ್ತದೆ, ಅಲ್ಲಿ ನಿಮ್ಮಂಥವರು ನಾನೂರು ಜನ. ಇವತ್ತೇ ಹೋಗಿ ಮೇಲ್, ಫೋನ್ ನಂಬರ್, ಪಾಸ್‌ವರ್ಡ್ ನಿಮ್ಮದು ಮಾಡಿಸಿಕೊಳ್ಳಿ. ಹಾಗೆಯೇ ಅರ್ಜಿ ‘ಸೇವ್’ ಆಗಿದೆಯೋ ‘ಸಬ್‌ಮಿಟ್’ ಆಗಿದೆಯೋ ನೋಡಿ. ಅರ್ಜಿ ಸಂಖ್ಯೆ ಇರುವ ಪ್ರಿಂಟ್ ಕೈಗೆ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.

ಪ್ರಶ್ನೆ: ನಾನು ರೇಷ್ಮೆ ಬಿಚ್ಚಾಣಿಕೆ ಕೆಲಸದವನು. ಮಗಳಿಗೆ ಒಂದು ಖಾಸಗಿ ಸಂಸ್ಥೆಯಲ್ಲಿ ಸೀಟು ಸಿಕ್ಕಿದೆ. ಅವಳು ಆಸೆಪಟ್ಟ ವಿಶ್ವವಿದ್ಯಾಲಯದ ಪಟ್ಟಿ ಇನ್ನೂ ಬಂದಿಲ್ಲ. ಈಗ ಫೀಸು ಕಟ್ಟಿ ಒರಿಜಿನಲ್ ಕೊಟ್ಟರೆ ಮುಂದೆ ಸಿಕ್ಕಿಹಾಕಿಕೊಳ್ಳುತ್ತೇವಾ?
– ಶಿಡ್ಲಘಟ್ಟ

ಯಜಮಾನರೇ, ಒರಿಜಿನಲ್ ಮಾರ್ಕ್ಸ್ ಕಾರ್ಡು ಇಟ್ಟುಕೊಳ್ಳುವ ಹಕ್ಕು ಅವರಿಗಿಲ್ಲ. ನೋಡಿ, ತಾಳೆ ಹಾಕಿ ವಾಪಸ್ ಕೊಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಹೇಳಿದೆ. ಪ್ರವೇಶ ರದ್ದು ಮಾಡಿಸಿದರೆ ಫೀಸು ಮರಳಿಸುವ ನಿಯಮವೂ ಇದೆ. ಎಷ್ಟು ಮರಳುತ್ತದೆ ಎಂಬುದು ನೀವು ಯಾವ ದಿನ ಬರೆದು ಕೊಡುತ್ತೀರಿ ಎಂಬುದರ ಮೇಲೆ, ಆ ದಿನಾಂಕಗಳನ್ನು ಯುಜಿಸಿ ಆಯಾ ವರ್ಷ ಪ್ರಕಟಿಸುತ್ತದೆ. ಕಟ್ಟಿ, ಆದರೆ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಪೂರ್ತಿ ವರ್ಷದ್ದು ಕೇಳಿದರೆ ಮೊದಲ ಕಂತಿಗೆ ಒಪ್ಪಿಸಿ.

ಟಿ.ಸಿ. (ವರ್ಗಾವಣೆ ಪತ್ರ) ಮತ್ತು ಬೇರೆ ವಿಶ್ವವಿದ್ಯಾಲಯಕ್ಕೆ ಸೇರಲು ಬೇಕಾದ ಮೈಗ್ರೇಷನ್ ಪತ್ರದ ಸಂಗತಿ ಬೇರೆ. ಅವು ಸೇರಿದ ಕಡೆಯೇ ಉಳಿಯುವ ಕಾಗದಗಳು. ಪಟ್ಟಿ ಬರುವವರೆಗೆ ಅವನ್ನು ಕೊಡಲು ಸಮಯ ಕೇಳಿ, ಬಹುತೇಕ ಕಡೆ ಮುಚ್ಚಳಿಕೆ ಬರೆಸಿಕೊಂಡು ಕೊಡುತ್ತಾರೆ. ಮಗಳ ಕೈಲೇ ಬರೆಸಿ, ಒಂದು ಪ್ರತಿಗೆ ಅವರ ಸೀಲು ಹಾಕಿಸಿಕೊಂಡು ಬನ್ನಿ.